ಶಾಲಾ ಪ್ರವಾಸಕ್ಕೆ ಅಜ್ಜಿಯರನ್ನೂ ಬಸ್ ಹತ್ತಿಸಿದೆ: ಜಾನಪದ ಲೋಕದ ನನ್ನ ಅನುಭವ

"ಹಳ್ಳಿ ಮಕ್ಕಳಿಗೆ ನೇಗಿಲು ತೋರಿಸೋಕೆ ಬಸ್ ಮಾಡ್ಬೇಕಾ ಮೇಷ್ಟ್ರೇ?" ಹಳ್ಳಿ ಬದುಕಿನ ಹಳೇ ವಸ್ತುಗಳನ್ನು ಕೂಡಿಸಿಟ್ಟಿರುವ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗೋಣ ಎಂದಾಗ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಬಂದ ಮೊದಲ ಮಾತೇ ಇದು. ನಮ್ಮದು ಮದ್ದೂರು ಕಡೆಯ ಸರ್ಕಾರಿ ಶಾಲೆ. ನಾಲೆ ನೀರಿನ ಊರು. ಮಕ್ಕಳಿಗೆ ಕಬ್ಬು ಗೊತ್ತು, ಟ್ರ್ಯಾಕ್ಟರ್ ಗೊತ್ತು. ಬಿತ್ತುವ ಕೂರಿಗೆ ಯಾವುದು, ಕಳೆ ತೆಗೆಯುವ ಕುಂಟೆ ಯಾವುದು ಅಂತ ಆರು, ಏಳನೇ ಕ್ಲಾಸಿನವರನ್ನು ಕೇಳಿದರೆ 38 ಮಕ್ಕಳಲ್ಲಿ ಇಬ್ಬರು ಕೈ ಎತ್ತಿದರು.

ಮೊದಲ ವರ್ಷ ನಾನೂ ಎಲ್ಲರಂತೆಯೇ ಮಾಡಿದ್ದೆ. ಎರಡು ಬಸ್, ಸುಮಾರು 90 ಮಕ್ಕಳು, ಒಂದೇ ದಿನ ಮೂರು ಜಾಗ. ರಾಮನಗರದ ಜಾನಪದ ಲೋಕಕ್ಕೆ ಉಳಿದದ್ದು ಮುಕ್ಕಾಲು ಗಂಟೆ. 15 ಎಕರೆಯನ್ನು ಮಕ್ಕಳು ಓಡುತ್ತಲೇ ಮುಗಿಸಿದರು. ತಲೆಗೆ 350 ರೂಪಾಯಿ. ಏಳೆಂಟು ಮಕ್ಕಳ ದುಡ್ಡು ಬರಲೇ ಇಲ್ಲ, ನಾವು ಮೂವರು ಶಿಕ್ಷಕರು ಹಂಚಿಕೊಂಡೆವು. ಎರಡನೇ ವರ್ಷ ಪ್ರಶ್ನೆಪಟ್ಟಿ ಮಾಡಿಸಿದೆ. ಮಕ್ಕಳು ಬೋರ್ಡ್ ನೋಡಿ ಉತ್ತರ ಬರೆದರು, ವಸ್ತು ನೋಡಲಿಲ್ಲ.

ಆ ವರ್ಷ ಒಬ್ಬ ಹುಡುಗಿಯ ಜೊತೆ ಅವಳ ಅಜ್ಜಿಯೂ ಬಂದಿದ್ದರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಮನೆಸಾಮಾನುಗಳ ಮುಂದೆ ನಿಂತು ಬೀಸುವ ಕಲ್ಲಿನ ಗೂಟ ಹಿಡಿಯುವ ರೀತಿ ಹೇಳುತ್ತಿದ್ದರು. ಸುತ್ತ ಆರು ಮಕ್ಕಳು, ಒಬ್ಬರೂ ಕದಲಲಿಲ್ಲ. ದಾರಿ ಸಿಕ್ಕಿತು.

ಮೂರನೇ ವರ್ಷ ಒಂದೇ ಬಸ್, ಒಂದೇ ಜಾಗ. 38 ಮಕ್ಕಳು, 9 ಜನ ಅಜ್ಜ ಅಜ್ಜಿಯರು, 3 ಜನ ನಾವು. ಮಂಡಿ ನೋವು, ಬಸ್ಸಲ್ಲಿ ವಾಂತಿ, ಯಾರು ಜವಾಬ್ದಾರಿ ಅಂತ ಸಹೋದ್ಯೋಗಿಗಳೂ ಬೇಡ ಎಂದರು. ನಾನು ಬಿಡಲಿಲ್ಲ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು, ಊರೂರಿನ ಹಿರಿಯರ ಹತ್ತಿರ ಕೇಳಿ ಕೇಳಿ ಕೂಡಿಸಿದವರು, ಹಿರಿಯರನ್ನು ಬಿಟ್ಟು ಅಲ್ಲಿಗೆ ಹೋಗೋದು ಹೇಗೆ ಅಂದೆ. ಬಸ್ಸಿಗೆ 8 ಸಾವಿರದ ಹತ್ತಿರ ಆಯಿತು. ಮಕ್ಕಳಿಗೆ 250, ಹಿರಿಯರಿಗೆ ಪುಕ್ಕಟೆ. ಬುತ್ತಿ ಮನೆಯದು. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಎಲ್ಲ ಮಾಮೂಲಿನಂತೆ.

ಒಬ್ಬ ಹಿರಿಯರಿಗೆ ನಾಲ್ಕೈದು ಮಕ್ಕಳು. ಗುಂಪಿಗೆ ಒಂದೇ ವಸ್ತು, ಅರ್ಧ ಗಂಟೆ. ಆಮೇಲೆ ಸುಮ್ನೆ ಸುತ್ತಾಟ. ಯಾವ ಮಗು ಯಾರ ಜೊತೆ ಎಂದು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಆ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೇಗಿಲಿನ ಮುಂದೆ ಒಬ್ಬ ಅಜ್ಜ ಈಸು (ನೊಗಕ್ಕೆ ಕಟ್ಟುವ ಉದ್ದ ಮರ), ಮೇಣಿ (ಕೈಹಿಡಿ), ಗುಳ (ಮಣ್ಣು ಸೀಳುವ ಕಬ್ಬಿಣ) ತೋರಿಸಿ, ಈಸಿನ ಮೇಲೆ ನೊಗವನ್ನು ಹಿಂದೆ ಮುಂದೆ ಮಾಡಿ ಕಟ್ಟಿದರೆ ಉಳುಮೆಯ ಆಳ ಬದಲಾಗುತ್ತದೆ ಎಂದರು. ನನಗೂ ಅದು ಗೊತ್ತಿರಲಿಲ್ಲ. ಯಾಕೆ ಅಂತ ಹುಡುಗನೊಬ್ಬ ಕೇಳಿದ. ಅಜ್ಜ ಅಲ್ಲೇ ಕೂತು ಮಣ್ಣಲ್ಲಿ ಗೆರೆ ಎಳೆದು ತೋರಿಸಿದರು. ನಾಲ್ಕು ತಿಂಗಳಾದ ಮೇಲೂ ಆ ಹುಡುಗ ಹಾಗೇ ಬರೆದು ತೋರಿಸುತ್ತಾನೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ರವಾಸ ಮುಗಿದ ಸೋಮವಾರ ಮಕ್ಕಳು ಮನೆಯ ಅಟ್ಟ ಜಾಲಾಡಿ ಸಿಕ್ಕಿದ್ದೆಲ್ಲ ಹೊತ್ತು ತಂದರು. ಐದು ಮನೆಯಿಂದ ಕಾಳು ಅಳೆಯುವ ಪಾವು ಬಂತು. ನಾಲ್ಕು ಪಾವಿಗೆ ಒಂದು ಸೇರು ಅಂತ ಅಜ್ಜಿಯರು ಹೇಳಿಕೊಟ್ಟಿದ್ದರು. ರಾಗಿ ತುಂಬಿ ಅಂಗಡಿ ತಕ್ಕಡಿಯಲ್ಲಿ ತೂಗಿದೆವು. ಒಂದು 190 ಗ್ರಾಂ, ಇನ್ನೊಂದು 220ರ ಹತ್ತಿರ. ನೆಗ್ಗು ಬಿದ್ದ ಪಾವು ಯಾವುದು, ಪಾವು ತಟ್ಟಿ ಅಳೆದವರು ಯಾರು ಅಂತ ಎರಡು ಗಣಿತದ ಪೀರಿಯಡ್ ಜಗಳವೇ ಆಯಿತು. ಬೀಸುವ ಕಲ್ಲೂ ಒಂದು ಬಂತು. ಎರಡು ಪಾವು ರಾಗಿ ಹಿಟ್ಟಾಗಲು ಮಕ್ಕಳಿಗೆ ಸುಮಾರು ಒಂದು ಗಂಟೆ ಬೇಕಾಯಿತು, ಅದೂ ತರಿ ತರಿ. ಒಬ್ಬ ಅಜ್ಜಿ ಬಂದು ಕೂತರು ನೋಡಿ, ಅದರ ಅರ್ಧ ಹೊತ್ತೂ ಹಿಡಿಯಲಿಲ್ಲ.

ಈಗ ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಇನ್ನೆರಡು ಶಾಲೆಯವರು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ನಮಗೆ ಒಂದು ಮನೆಯವರು ಹಳೇ ಕೂರಿಗೆ ಕೊಟ್ಟಿದ್ದಾರೆ. ಬೀಜ ಹಾಕುವ ಬಟ್ಟಲು ಸೀಳಿದೆ, ರಿಪೇರಿಗೆ ಮರಗೆಲಸದ ಆಚಾರ್ರ ಹತ್ತಿರ ಕೊಟ್ಟಿದ್ದೇವೆ. ಮುಂಗಾರಿಗೆ ಮುಂಚೆ ಕೈಗೆ ಬಂದರೆ ಶಾಲೆಯ ಹಿಂದಿನ ಜಾಗದಲ್ಲಿ ಅರ್ಧಕ್ಕೆ ಕೂರಿಗೆಯಲ್ಲಿ, ಇನ್ನರ್ಧಕ್ಕೆ ಕೈಯಲ್ಲಿ ಎರಚಿ ರಾಗಿ ಬಿತ್ತುತ್ತೇವೆ. ಎತ್ತು ಕೊಡುತ್ತೇನೆ ಅಂತ ನೇಗಿಲಿನ ಅಜ್ಜ ಆಗಲೇ ಹೇಳಿದ್ದಾರೆ.