ಭೂತ ಹಿಡಿದು ಜರ್ಮನ್ ಓದಿದ್ದು: ನನ್ನ ಅನುಭವ

ಕಳೆದ ತಿಂಗಳು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹಳೆಯ ಜರ್ಮನ್ ಕಾಗದವೊಂದನ್ನು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಿದೆ. ಒಂಬತ್ತು ಪುಟ, ಮಂಗಳೂರಿನಿಂದ 1840ರ ದಶಕದಲ್ಲಿ ಹೋದದ್ದು, ಪೂರ್ತಿ ಕುರೆಂಟ್ ಲಿಪಿ, ಅಂದರೆ ಜರ್ಮನ್ನರ ಹಳೆಯ ಕೈಬರಹ. ಮೂರು ವರ್ಷದ ಹಿಂದೆ ಈ ಆಸೆ ಹೇಳಿಕೊಂಡಾಗ ನಮ್ಮ ಸಭೆಯ ಹಿರಿಯರೊಬ್ಬರು ನಕ್ಕಿದ್ದರು. "ಈಗಿನ ಜರ್ಮನ್ನರಿಗೇ ಅದು ಓದ್ಲಿಕ್ಕೆ ಬರುದಿಲ್ಲ, ನಿಮಗೆ ಎಂತ ಮಾರಾಯ್ರೇ?" ಅವರ ಮಾತು ಸುಳ್ಳೇನಲ್ಲ. 1941ರಲ್ಲಿ ಜರ್ಮನಿಯ ಶಾಲೆಗಳಲ್ಲಿ ಆ ಬಗೆಯ ಬರಹ ಕಲಿಸುವುದನ್ನೇ ನಿಲ್ಲಿಸಿಬಿಟ್ಟರು.

ಮಿಷನ್ನಿನ ಮೊದಲ ಮೂವರು ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಇಲ್ಲಿಗೆ ಬಂದದ್ದು, 1833ರ ಚಾರ್ಟರ್ ಕಾಯ್ದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿಯಾದದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ. ನನಗೆ ಬೇಕಿದ್ದದ್ದು ಬೇರೆ. ಅವರು ಬಾಸೆಲ್ಲಿನ ಕಮಿಟಿಗೆ ಬರೆದ ಕಾಗದಗಳಲ್ಲಿ ನಮ್ಮ ಕಡೆಯ ಜನರ ಸುದ್ದಿ ಏನಿದೆ ಅಂತ ನೋಡಬೇಕಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಜರ್ಮನ್ ಕ್ಲಾಸಿಗೆ ಸೇರಿದೆ. ಸುಮಾರು 18 ಸಾವಿರ ಹೋಯಿತು. ರೈಲ್ವೆ ಟಿಕೆಟ್ ಕೇಳುವುದು, ಕಾಫಿ ಕೇಳುವುದು ಕಲಿತೆ. ಕಾಗದ ತೆರೆದರೆ ಒಂದಕ್ಷರ ಇಲ್ಲ. ಆಮೇಲೆ ಒಬ್ಬ ಅನುವಾದಕರಿಗೆ ಆರು ಪುಟಕ್ಕೆ ಏಳೋ ಎಂಟೋ ಸಾವಿರ ಕೊಟ್ಟೆ. ಅವರಿಗೆ ಭಾಷೆ ಚೆನ್ನಾಗಿ ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ. ಅರ್ಧದಷ್ಟು ಊಹೆ ಅಂತ ಗೊತ್ತಾದದ್ದು ವರ್ಷ ಕಳೆದ ಮೇಲೆ. ಕೈಬರಹ ಓದುವ ಕಂಪ್ಯೂಟರ್ ತಂತ್ರಾಂಶಕ್ಕೂ ನಾಲ್ಕು ಸಾವಿರ ಸುರಿದೆ. ಜರ್ಮನ್ ಮಾತನ್ನು ಅದು ತಕ್ಕಮಟ್ಟಿಗೆ ಹಿಡಿಯಿತು. ಮಧ್ಯೆ ಒಂದು ತುಳು ಹೆಸರು ಬಂತೋ, ಆ ಸಾಲು ಪೂರ್ತಿ ಚಿತ್ರಾನ್ನ.

ದಾರಿ ಸಿಕ್ಕಿದ್ದು ಅಲ್ಲೇ. ಕುರೆಂಟಿನಲ್ಲಿ ಬರೆಯುವವರು ಪರಭಾಷೆಯ ಮಾತು, ಊರಿನ ಹೆಸರು ಬಂದ ಕೂಡಲೇ ಸಾಮಾನ್ಯವಾಗಿ ಲ್ಯಾಟಿನ್ ಅಕ್ಷರಕ್ಕೆ ಹೊರಳುತ್ತಿದ್ದರು. ಅಂದರೆ ಇಡೀ ಪುಟದಲ್ಲಿ ಜರ್ಮನ್ನನಿಗೆ ಅರ್ಥವಾಗದ ಮಾತು ಯಾವುದೋ, ಅದೊಂದೇ ನನಗೆ ಸಲೀಸಾಗಿ ಕಾಣುತ್ತಿತ್ತು! ಮಂಗಳೂರಿನ ಬಲ್ಮಠ, ಬಿಲ್ಲವ ಅನ್ನುವ ಜಾತಿ, ತುಳುವರು ಪೂಜಿಸುವ ದೈವ ಭೂತ. ತಂತ್ರಾಂಶ ಎಡವಿದ ಜಾಗದಿಂದಲೇ ನಾನು ಶುರು ಮಾಡಿದೆ.

ಭೂತವನ್ನೇ ತೆಗೆದುಕೊಳ್ಳಿ. ಮಿಷನರಿಗೆ ಭೂತ ಅಂದರೆ ಸೈತಾನ. ಹಾಗಾಗಿ ಆಸುಪಾಸಿನಲ್ಲಿ ಎಲ್ಲಾದರೂ 'ಟಾಯ್ಫೆಲ್' (Teufel, ಜರ್ಮನ್ನಿನಲ್ಲಿ ಸೈತಾನ) ಇರಲೇಬೇಕು ಅಂತ ಹುಡುಕಿದೆ. ಎರಡನೇ ಸಾಲಿನಲ್ಲಿ ಸಿಕ್ಕಿತು. ಆರು ಅಕ್ಷರ, ಅದರಲ್ಲಿ 'ಇ' ಎರಡು ಸಲ. ಕುರೆಂಟಿನ 'ಇ' ನೋಡಲು ನಮ್ಮ ಇಂಗ್ಲಿಷ್ 'ಎನ್' ಥರ ಇರುತ್ತದೆ. 'ಯು' ಮೇಲೆ ಒಂದು ಸಣ್ಣ ಕೊಕ್ಕೆ. 'ಎಫ್' ಗೆರೆಯ ಕೆಳಗೆ ಇಳಿಯುತ್ತದೆ. ಒಂದು ಮಾತಿನಿಂದ ಐದು ಅಕ್ಷರ ಕೈಗೆ ಬಂತು. ಹೀಗೆ ಒಂದೊಂದು ಕನ್ನಡ, ತುಳು ಮಾತಿನ ನೆರೆಹೊರೆ ಹಿಡಿಯುತ್ತಾ ಎರಡು ವಾರದಲ್ಲಿ ಹೆಚ್ಚುಕಮ್ಮಿ ಇಡೀ ಅಕ್ಷರಮಾಲೆ ಆಯಿತು. ಕ್ಲಾಸಿನಲ್ಲಿ ಕಲಿತ ವ್ಯಾಕರಣ ಉಪಯೋಗಕ್ಕೆ ಬಂದದ್ದು ಆಮೇಲೆ.

ತಾಳೆ ನೋಡುವುದು ಹೇಗೆ? ಮಿಷನ್ನಿನದೇ ಪತ್ರಿಕೆ 'ಹೈಡೆನ್‌ಬೋಟೆ' 1828ರಿಂದ ಅಚ್ಚಾಗುತ್ತಿತ್ತು. ಈ ಕಾಗದಗಳ ತುಣುಕುಗಳು ಕೆಲವು ಸಲ ಅದರಲ್ಲಿ ಬಂದಿರುತ್ತವೆ. ಫ್ರಾಕ್ಟೂರ್ ಅನ್ನುವ ಹಳೆಯ ಜರ್ಮನ್ ಅಚ್ಚು, ಓದಲು ಒಂದು ಸಂಜೆ ಅಭ್ಯಾಸ ಸಾಕು. ಅಚ್ಚನ್ನು ಪಕ್ಕದಲ್ಲಿಟ್ಟುಕೊಂಡರೆ ಉತ್ತರಪತ್ರಿಕೆ ಸಿಕ್ಕಿದ ಹಾಗೆ. ಆದರೆ ಹುಷಾರು. ನಾನು ಹೋಲಿಸಿದ ಕಡೆಗಳಲ್ಲಿ ಜಗಳ, ಸಾಲ, ಬೇಸರ ಎಲ್ಲ ಅಚ್ಚಿಗೆ ಹೋಗುವಾಗ ಮಾಯ. ದುಡ್ಡು ಕೊಡುವವರು ಓದುವ ಪತ್ರಿಕೆ ಅಲ್ವಾ! ಯಾವ ಕಾಗದದ ತುಣುಕು ಯಾವ ಸಂಚಿಕೆಯಲ್ಲಿದೆ ಅಂತ ಬೇಗ ಪತ್ತೆ ಮಾಡಲು ನನ್ನದೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಒಂದು ಲೇಖನ ಬಾಕಿ ಇದೆ.

ಮಾನ ಹೋದ ಕತೆಯನ್ನೂ ಹೇಳಿಬಿಡುತ್ತೇನೆ. ಜುಲೈ ತಿಂಗಳ ಒಂದು ಕಾಗದದಲ್ಲಿ 'ರೇಗೆನ್' (Regen, ಮಳೆ) ಅಂತ ಓದಿ, "ಆ ವರ್ಷ ವಿಪರೀತ ಮಳೆ" ಎಂದು ಒಂದು ಸಭೆಯಲ್ಲಿ ಭಾಷಣ ಮಾಡಿದೆ. ಮಂಗಳೂರಿನಲ್ಲಿ ಜುಲೈಗೆ ಮಳೆ ಅಂದರೆ ಯಾರು ಅನುಮಾನ ಪಡುತ್ತಾರೆ? ಅದು 'ಜೇಗೆನ್' (Segen). ಆಶೀರ್ವಾದ. ದೇವರು ಬಹಳ ಆಶೀರ್ವಾದ ಕೊಟ್ಟ ಅಂತ ಅವರು ಬರೆದಿದ್ದರೆ ನಾನು ಕೊಡೆ ಹಿಡಿದು ನಿಂತಿದ್ದೆ.

ಮಧ್ಯೆ ಶಾಯಿಯ ಹುಚ್ಚೂ ಹಿಡಿಯಿತು. ಹಿಂಬದಿಯ ಬರಹ ಮುಂದೆ ಮೂಡಿ ಎರಡೂ ಕಲಸಿಹೋಗುವುದು ಯಾಕೆ ಅಂತ ನೋಡಲು ಅಳಲೆಕಾಯಿ ಬೇಯಿಸಿ ಅನ್ನಭೇದಿ ಹಾಕಿ ಶಾಯಿ ಮಾಡಿದೆ. ಬರೆದಾಗ ತೆಳು, ಮರುದಿನಕ್ಕೆ ಕಡುಕಪ್ಪು. ಅನ್ನಭೇದಿ ಜಾಸ್ತಿಯಾದ ಹಾಳೆ ಎಂಟು ತಿಂಗಳಿಗೆ ಗೆರೆಯುದ್ದಕ್ಕೂ ಹರಿಯಿತು. ಎರಡು ಅಂಗಿ, ಒಂದು ಕುಕ್ಕರ್ ಹಾಳು. ಲಾಭ ಒಂದೇ: ಅದ್ದಿ ಬರೆಯುವ ನಿಬ್ಬಿನಲ್ಲಿ ದಿನಾ ಅರ್ಧ ಗಂಟೆ ಕುರೆಂಟ್ ಬರೆದದ್ದರಿಂದ ಓದುವ ವೇಗ ಎರಡು ಪಟ್ಟಾಯಿತು. ಕೈ ಹೋದ ದಾರಿ ಕಣ್ಣಿಗೆ ಗೊತ್ತಾಗುತ್ತದೆ.

ಇಷ್ಟು ಮಾಡಿ ಸಿಕ್ಕಿದ್ದೇನು ಅಂತ ಕೇಳುತ್ತಾರೆ. ಮಂಗಳೂರಿನ ಜೆಪ್ಪುವಿನಲ್ಲಿದ್ದ ಮಿಷನ್ನಿನ ಹಂಚಿನ ಕಾರ್ಖಾನೆ 1865ರದ್ದು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಅದರ ಹಿಂದಿನ ತಲೆನೋವು ಎಷ್ಟು ಹಳೆಯದು ಅಂತ ಈ ಕಾಗದಗಳಲ್ಲಿ ಕಾಣುತ್ತದೆ. ಕ್ರೈಸ್ತನಾದವನಿಗೆ ಒಕ್ಕಲು ಭೂಮಿ ತಪ್ಪುತ್ತದೆ. ಬಿಲ್ಲವನಾದರೆ ಶೇಂದಿ ಇಳಿಸುವ ಕಸುಬನ್ನು ಮಿಷನ್ನೇ ಒಪ್ಪುವುದಿಲ್ಲ. ಹಾಗಾದರೆ ಅವನು ಉಣ್ಣುವುದೇನು? ನೇಯ್ಗೆ, ಅಚ್ಚುಕೂಟ, ಹಂಚು ಎಲ್ಲ ಈ ಪ್ರಶ್ನೆಯ ಬೆನ್ನಿಗೇ ಬಂದವು. ಧರ್ಮದ ಮಾತು ಎರಡು ಪುಟ, ಅಕ್ಕಿಯ ಮಾತು ಐದು ಪುಟ ಇರುವ ಕಾಗದವೂ ನನ್ನ ಕೈಗೆ ಬಂದಿದೆ.

ಆ ಒಂಬತ್ತು ಪುಟದಲ್ಲಿ ಒಂದು ಜಾಗ ಮಾತ್ರ ಇನ್ನೂ ಬಗೆಹರಿದಿಲ್ಲ. ಏಳನೇ ಪುಟದ ಅಂಚಿನಲ್ಲಿ ಬೇರೆ ಯಾರದೋ ಕೈಯಲ್ಲಿ ಒಂದೇ ಮಾತು, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಕಮಿಟಿಯವರು ಹಾಕಿದ್ದಿರಬೇಕು. ಮೂವರಿಗೆ ತೋರಿಸಿದೆ, ಮೂರು ಥರ ಓದಿದರು. ನಕ್ಕಿದ್ದ ಆ ಹಿರಿಯರು ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿ, "ಇದು ದುಡ್ಡಿನ ವಿಷಯವೇ ಇರಬೇಕು" ಅಂದರು.