ಘಟ್ಟ ಇಳಿಯುವ ಗಾಡಿಗೆ ಸ್ಥಳಾಧಾರಿತ ಟ್ರಿಗರ್: ಓಪನ್ ರೈಲ್ಸ್‌ನಲ್ಲಿ ನನ್ನ ಅನುಭವ

ಓಪನ್ ರೈಲ್ಸ್ ಎಂಬ ರೈಲು ಓಡಿಸುವ ಸಿಮ್ಯುಲೇಟರ್‌ನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ನಾನು ಕಟ್ಟುತ್ತಿದ್ದ ಆ್ಯಕ್ಟಿವಿಟಿಯಲ್ಲಿ (ಆಟಗಾರ ಓಡಿಸಲು ಸಿದ್ಧಪಡಿಸಿದ ಪಯಣದಲ್ಲಿ) ಸಂದೇಶ, ಸದ್ದು ಮುಂತಾದ ಎಲ್ಲ ಘಟನೆಗಳನ್ನೂ ಸ್ಥಳಕ್ಕೇ ಕಟ್ಟುತ್ತೇನೆ, ಗಡಿಯಾರಕ್ಕೆ ಒಂದನ್ನೂ ಬಿಡುವುದಿಲ್ಲ ಎಂದಾಗ ಈ ಹವ್ಯಾಸದ ಗೆಳೆಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಗಾಡಿ ಗೊತ್ತಾದ ಜಾಗ ತಲುಪಿದಾಗ ನಡೆಯುವ ಲೊಕೇಶನ್ ಇವೆಂಟ್, ಅಂದರೆ ಸ್ಥಳಾಧಾರಿತ ಟ್ರಿಗರ್, ಒಂದೆರಡಿದ್ದರೆ ಸರಿ, ಇಪ್ಪತ್ತು ಮೂವತ್ತನ್ನು ಒಂದಕ್ಕೊಂದು ಹೆಣೆದರೆ ಒಂದು ಕೈಕೊಟ್ಟಾಗ ಉಳಿದದ್ದೂ ಕೈಕೊಡುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ಸುಮಾರು ಮೂವತ್ತು ಟ್ರಿಗರ್‌ಗಳಿರುವ ಅದೇ ಆ್ಯಕ್ಟಿವಿಟಿಯನ್ನು ಹಲವರು ತಮ್ಮ ತಮ್ಮ ಕೈಚಳಕಕ್ಕೆ ತಕ್ಕಂತೆ ಓಡಿಸಿದ್ದಾರೆ. ಒಬ್ಬರಿಗೂ ಸಂದೇಶ ತಪ್ಪು ಜಾಗದಲ್ಲಿ ಬಂದಿಲ್ಲ.

ಸಮಯಾಧಾರಿತ ಇವೆಂಟ್ ಈ ಮಾರ್ಗಕ್ಕೆ ಒಗ್ಗುವುದೇ ಇಲ್ಲ. ಸುಮಾರು 55 ಕಿ.ಮೀ. ಉದ್ದಕ್ಕೆ 50ಕ್ಕೆ 1ರ ಇಳಿಜಾರು, 57 ಸುರಂಗ, ಗಂಟೆಗೆ 30 ಕಿ.ಮೀ. ಮಿತಿ. ಒಬ್ಬ ಡೈನಾಮಿಕ್ ಬ್ರೇಕ್ (ಎಂಜಿನ್ನಿನ ಮೋಟಾರುಗಳಿಂದಲೇ ವೇಗ ತಡೆಯುವ ಬ್ರೇಕ್) ಹಿಡಿದು 28ರಲ್ಲಿ ಸಮನಾಗಿ ಇಳಿಸಿದರೆ, ಇನ್ನೊಬ್ಬ ಹೆದರಿ 18ರಲ್ಲಿ ತೆವಳಿಸುತ್ತಾನೆ. ನಡುದಾರಿಯ ಎಡಕುಮೇರಿ ನಿಲ್ದಾಣ ತಲುಪುವ ಹೊತ್ತಿಗೆ ಇಬ್ಬರ ನಡುವೆ ಅರ್ಧ ಗಂಟೆಯ ಅಂತರ ಬಿದ್ದಿರುತ್ತದೆ, ಸೇತುವೆಯ ಎಚ್ಚರಿಕೆ ಸುರಂಗದ ನಡುವೆ ಬರುತ್ತದೆ.

ಮೊದಲು ಸೋತದ್ದು ತ್ರಿಜ್ಯದಲ್ಲಿ, ಅಂದರೆ ಗುರುತಿಸಿದ ಬಿಂದುವಿನಿಂದ ಎಷ್ಟು ದೂರದೊಳಗೆ ಗಾಡಿ ಬಂದರೆ ಟ್ರಿಗರ್ ಕೆಲಸ ಮಾಡಬೇಕು ಎಂಬ ಅಂಕಿಯಲ್ಲಿ. ಹಾದುಹೋಗುವ ಟ್ರಿಗರ್‌ಗೆ 10-15 ಮೀಟರ್ ಧಾರಾಳವಾಗಿ ಸಾಕು. ಆದರೆ ನಿಂತಾಗ ಮಾತ್ರ ಕೆಲಸ ಮಾಡುವ ‘ಟ್ರಿಗರ್ ಆನ್ ಸ್ಟಾಪ್’ಗೆ ಅಷ್ಟೇ ಕೊಟ್ಟರೆ, ಎಂಜಿನ್ನಿನ ಮೂತಿಯನ್ನು ಆ ಇಪ್ಪತ್ತು-ಮೂವತ್ತು ಮೀಟರಿನೊಳಗೆ ತಂದು ನಿಲ್ಲಿಸುವವರು ಸಿಗುವುದಿಲ್ಲ. ತ್ರಿಜ್ಯವನ್ನು ಅರ್ಧ ಕಿಲೋಮೀಟರಿಗೂ ಮೀರಿ ಏರಿಸಿದಾಗ, ನಿಲ್ದಾಣ ಪ್ರವೇಶದ ಹೋಮ್ ಸಿಗ್ನಲ್ ಕೆಂಪಿದ್ದು ಹೊರಗೇ ನಿಂತ ಗಾಡಿಗೂ, ನಿಲ್ದಾಣದೊಳಗೆ ನಿಂತ ಮೇಲಷ್ಟೇ ಬರಬೇಕಾದ ‘ಬ್ರೇಕ್ ಪರೀಕ್ಷೆ ಮುಗಿಯಿತು’ ಎಂಬ ಸಂದೇಶ ಬಂತು. ಇಡೀ ಒಂದು ಮಳೆಗಾಲ ಈ ಎರಡರ ನಡುವಿನ ಅಂಕಿಯನ್ನು ಹುಡುಕುವುದರಲ್ಲೇ ಕಳೆಯಿತು. ಅಂಥ ಅಂಕಿ ಇಲ್ಲವೇ ಇಲ್ಲ.

ಪರಿಹಾರ ಸಿಕ್ಕಿದ್ದು ಆ್ಯಕ್ಟಿವೇಷನ್ ಲೆವೆಲ್‌ನಲ್ಲಿ: ಇದು ಸೊನ್ನೆಯಿದ್ದರೆ ಟ್ರಿಗರ್ ಮಲಗಿರುತ್ತದೆ, ಒಂದಾದರೆ ಎಚ್ಚರವಾಗಿರುತ್ತದೆ. ಎಡಕುಮೇರಿಯನ್ನೇ ನೋಡಿ. ನಿಲ್ದಾಣದ ಮೊದಲ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ 15 ಮೀಟರಿನ ಪ್ರವೇಶ ಟ್ರಿಗರ್ ಇದೆ. ಅದು ಯಾವ ಸಂದೇಶವನ್ನೂ ತೋರಿಸುವುದಿಲ್ಲ, ಸೊನ್ನೆಯಲ್ಲಿ ಮಲಗಿರುವ ನಿಲುಗಡೆ ಟ್ರಿಗರ್‌ನ ಲೆವೆಲ್ ಅನ್ನು ಒಂದಕ್ಕೆ ಏರಿಸುತ್ತದೆ, ಅಷ್ಟೆ. ಹೀಗೆ ಎಚ್ಚರಗೊಂಡ ನಿಲುಗಡೆ ಟ್ರಿಗರ್‌ಗೆ ತ್ರಿಜ್ಯ ಎಷ್ಟು ದೊಡ್ಡದಿದ್ದರೂ ತೊಂದರೆಯಿಲ್ಲ, ಏಕೆಂದರೆ ಹೊರಗೆ ನಿಂತ ಗಾಡಿ ಇನ್ನೂ ಪಾಯಿಂಟ್ಸ್ ದಾಟಿರುವುದಿಲ್ಲ. ಮುಂದೆ ನಿಲ್ದಾಣ ಬಿಡುವ ಕಡೆಯ ಸ್ಟಾರ್ಟರ್ ಸಿಗ್ನಲ್ ಬಳಿ ಮೊದಲಿನಿಂದಲೂ ಒಂದರಲ್ಲೇ ಇರುವ ಇನ್ನೊಂದು ಟ್ರಿಗರ್ ಕಾದಿರುತ್ತದೆ. ಗಾಡಿ ನಿಂತಿದ್ದರೆ ನಿಲುಗಡೆ ಟ್ರಿಗರ್ ಈ ಇನ್ನೊಂದನ್ನು ಸೊನ್ನೆಗೆ ಇಳಿಸಿರುತ್ತದೆ. ನಿಲ್ಲದೆ ಹೋದವನಿಗೆ ಮಾತ್ರ ಅದು ‘ಬ್ರೇಕ್ ಪರೀಕ್ಷೆ ತಪ್ಪಿದೆ’ ಎಂದು ತಿಳಿಸುತ್ತದೆ. ಗೆಳೆಯರ ಆತಂಕಕ್ಕೆ ಉತ್ತರವೂ ಇಲ್ಲೇ ಇದೆ: ಒಂದು ನಿಲ್ದಾಣದ ಸರಪಳಿಯನ್ನು ಇನ್ನೊಂದಕ್ಕೆ ನಾನು ಜೋಡಿಸುವುದಿಲ್ಲ. ದೋಣಿಗಲ್‌ನಲ್ಲಿ ಏನೇ ಕೆಟ್ಟರೂ ಕಡಗರವಳ್ಳಿಯಲ್ಲಿ ಹೊಸ ಲೆಕ್ಕ.

ಗಾಡಿಗಳು ಒಂದನ್ನೊಂದು ದಾಟಲು ನಿಲ್ದಾಣದಲ್ಲಿ ಪಕ್ಕಕ್ಕೆ ಹಾಕಿದ ಹಳಿ, ಅಂದರೆ ಲೂಪ್ ಲೈನ್, ಬೇರೆಯೇ ಪಾಠ ಕಲಿಸಿತು. ಮೇನ್ ಲೈನಿನ ಮೇಲೆ ಇಟ್ಟ ಬಿಂದು, ನಾಲ್ಕೈದು ಮೀಟರ್ ಪಕ್ಕದ ಲೂಪ್‌ನಲ್ಲಿ ಹೋಗುವ ಗಾಡಿಗೆ ಸ್ಪಂದಿಸುವುದಿಲ್ಲ. ದೂರವನ್ನು ಹಳಿಯ ಉದ್ದಕ್ಕೇ ಅಳೆಯುವುದರಿಂದ ತ್ರಿಜ್ಯ ಹೆಚ್ಚಿಸಿಯೂ ಪ್ರಯೋಜನವಿಲ್ಲ. ಹೀಗಾಗಿ ಕ್ರಾಸಿಂಗ್ ಇರುವ ಕಡೆಯೆಲ್ಲ ಎರಡೂ ಹಳಿಗಳಿಗೆ ಒಂದೊಂದು ಬಿಂದು ಇಟ್ಟಿದ್ದೇನೆ. ಎರಡೂ ಹಳಿಗೆ ಸಾಲುವ ಒಂದೇ ಬಿಂದುವಿನ ಜಾಗ ಕೆಲವು ನಿಲ್ದಾಣಗಳಲ್ಲಿ ಸಿಗುತ್ತದೆ, ಅದನ್ನು ಹುಡುಕುವ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಸಾಫ್ಟ್‌ವೇರ್ ಪುಕ್ಕಟೆಯಾದರೂ ಕೆಲಸ ಪುಕ್ಕಟೆಯಾಗಲಿಲ್ಲ. ಟ್ರಿಗರ್ ಜೋಡಿಸಿಕೊಡುತ್ತೇನೆಂದ ಒಬ್ಬರಿಗೆ ಆರಂಭದಲ್ಲಿ 3,000 ರೂಪಾಯಿ ಕೊಟ್ಟಿದ್ದೆ. ಬಂದದ್ದು ಬರೀ ಸಮಯಾಧಾರಿತ ಇವೆಂಟ್‌ಗಳು, ಅವನ್ನೆಲ್ಲ ಅಳಿಸಿದೆ. ಕನ್ನಡದಲ್ಲಿ ಸಂದೇಶ ತೋರಿಸಲು ಹೋದರೆ, ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಿದ್ದು ಓದಲಾಗಲಿಲ್ಲ. ಕೊನೆಗೆ 1,800ರ ಆಸುಪಾಸಿನ ಮೈಕ್ ಕೊಂಡು, ಗಾರ್ಡಿನ ಮಾತುಗಳನ್ನು ನನ್ನ ಸೋದರಮಾವನ ದನಿಯಲ್ಲಿ ವೇವ್ ಕಡತಗಳಾಗಿ ಮುದ್ರಿಸಿ, ಕ್ಯಾಬಿನಲ್ಲಿ ಮಾತ್ರ ಕೇಳುವಂತೆ ಟ್ರಿಗರ್‌ಗಳಿಗೆ ಸೇರಿಸಿದೆ. “ಮುಂದೆ ಸಿಗ್ನಲ್ ಹಳದಿ ಇದೆ, ನಿಧಾನ” ಎಂಬ ಆ ದನಿ ಪರದೆಯ ಯಾವ ಅಕ್ಷರಕ್ಕಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ನಡುವೆ ಮಂಜಿನ ಪ್ರಯೋಗವೂ ನಡೆಯಿತು. ಹವಾಮಾನ ಬದಲಾವಣೆಯನ್ನು ಉದ್ದದ ಸುರಂಗದ ಬಾಯಲ್ಲೇ ಆರಂಭಿಸಿದರೆ, ಗಾಡಿ ಆಚೆ ಬರುವಷ್ಟರಲ್ಲಿ ಕಣಿವೆಯಲ್ಲಿ ಮಂಜು ತುಂಬಿರುತ್ತದೆ. ಬದಲಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬದಲಾವಣೆಗೆ ಎಷ್ಟು ಸೆಕೆಂಡು, ಎಷ್ಟು ಮೀಟರ್ ನೋಟ ಎಂಬ ಅಂಕಿಗಳನ್ನು ಇಲ್ಲಿ ಬರೆಯುತ್ತಿಲ್ಲ. ಸುರಂಗದ ಉದ್ದವನ್ನು ಗಾಡಿಯ ವೇಗದಿಂದ ಭಾಗಿಸಿದರೆ ಅರ್ಧ ಉತ್ತರ ಸಿಗುತ್ತದೆ.

ಪರೀಕ್ಷೆಯ ವಿಷಯ ಹೇಳಲೇಬೇಕು. ಆ್ಯಕ್ಟಿವಿಟಿ ಕಡತ ತಿದ್ದಿದ ಮೇಲೆ ನಡುದಾರಿಯಲ್ಲಿ ಉಳಿಸಿಟ್ಟ ಹಳೆಯ ಸೇವ್‌ಗಳನ್ನು ನಂಬುವಂತಿಲ್ಲ, ಪ್ರತಿ ಸಲ ಸಕಲೇಶಪುರದಿಂದಲೇ ಹೊರಟರೆ ಎರಡು ತಾಸು ಹೋಗುತ್ತದೆ. ಅದಕ್ಕಾಗಿ ಪ್ರತಿ ನಿಲ್ದಾಣಕ್ಕೂ ಒಂದು ಕಿಲೋಮೀಟರ್ ಹಿಂದಿನಿಂದ ಹೊರಡುವ ಪುಟ್ಟ ಪರೀಕ್ಷಾ ಆ್ಯಕ್ಟಿವಿಟಿ ಮಾಡಿ, ಅಲ್ಲಿ ಸರಿಹೋದ ಸರಪಳಿಯನ್ನಷ್ಟೇ ದೊಡ್ಡದಕ್ಕೆ ನಕಲಿಸುತ್ತೇನೆ. ಈಗ ಇದೇ ವಿಧಾನದಲ್ಲಿ ಎದುರಿನಿಂದ ಬರುವ ಗೂಡ್ಸ್ ಗಾಡಿಯನ್ನೇ ಟ್ರಿಗರ್ ಒತ್ತುವ ಗಾಡಿಯಾಗಿ ಹೆಸರಿಸಿ, ಅದು ಸಿರಿಬಾಗಿಲು ಪ್ರವೇಶಿಸಿದಾಗ ಪ್ಲಾಟ್‌ಫಾರ್ಮಿನ ಗಂಟೆ ಬಾರಿಸುವಂತೆ ಮಾಡಿದ್ದೇನೆ. ಗಂಟೆ ಸರಿಯಾಗಿ ಬಾರಿಸುತ್ತಿದೆ. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನುಗಳಿರುವ, ಘಟ್ಟ ಏರುವ ಗಾಡಿಯ ಸರಪಳಿಗಳಲ್ಲಿ ಅರ್ಧದಷ್ಟು ಮುಗಿದಿವೆ.