ಗೇರ್‌ಬಾಕ್ಸ್ ಇಳಿಸುವ ಮುನ್ನ: ಹಳೆ ಜಿಪ್ಸಿ, ಜೀಪುಗಳ ಕ್ಲಚ್ ಪರೀಕ್ಷೆ ಹೇಗೆ?

ರಿವರ್ಸ್ ಹಾಕಿದರೆ ಕರ್‌ರ್ ಅನ್ನುತ್ತದೆ. ಗ್ಯಾರೇಜಿಗೆ ಒಯ್ದರೆ ‘ಕ್ಲಚ್ ಹೋಗಿದೆ, ಸೆಟ್ಟೇ ಬದಲಾಯಿಸಬೇಕು’ ಅನ್ನುತ್ತಾರೆ. ಮಲೆನಾಡಿನಲ್ಲಿ ಹಳೆ ಮಾರುತಿ ಜಿಪ್ಸಿಯನ್ನೋ ಜೀಪನ್ನೋ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳಿದ ಮಾತಿದು.

ನಾನೂ ಅದನ್ನು ನಂಬಿ ನನ್ನ 1300 ಸಿಸಿ ಜಿಪ್ಸಿಯ ಗೇರ್‌ಬಾಕ್ಸ್ ಇಳಿಸಲು ಒಪ್ಪಿದ್ದೆ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ ಹೊಸವು ಬಂದವು. ಮನೆಗೆ ತಂದು ಅಂಗಳದಲ್ಲಿ ತಿರುಗಿಸಲು ರಿವರ್ಸ್ ಹಾಕಿದರೆ ಮತ್ತದೇ ಕರ್‌ರ್. ತಪ್ಪು ಇದ್ದದ್ದು ಕ್ಲಚ್ ಪೆಡಲಿನಿಂದ ಗೇರ್‌ಬಾಕ್ಸಿನ ಕಡೆಗೆ ಹೋಗುವ ಕೇಬಲ್ಲಿನಲ್ಲಿ. ಒಂದು ಬಾಗಿನಲ್ಲಿ ಅದರ ಹೊರಕವಚ ಕುಸಿದಿತ್ತು. ಪೆಡಲ್ ತುಳಿದಾಗ ಒಳತಂತಿ ಎಳೆಯಬೇಕಾದ ದೂರದಲ್ಲಿ ಅರ್ಧವನ್ನು ಆ ಬಾಗೇ ನುಂಗುತ್ತಿತ್ತು. ತೆಗೆದಿಟ್ಟ ಹಳೆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದೆ. ರಿವೆಟ್ಟುಗಳ ಮೇಲೆ ಇನ್ನೂ ಒಂದು ಮಿಲಿಮೀಟರಿನಷ್ಟು ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪದರ, ಉಳಿದಿತ್ತು. ಅಂದಿನಿಂದ ಯಾರಾದರೂ ಕ್ಲಚ್ ತೊಂದರೆ ಅಂದರೆ, ಸ್ಪ್ಯಾನರ್ ಮುಟ್ಟುವ ಮೊದಲು ಅರ್ಧ ಗಂಟೆ ಕೊಡಿ ಅನ್ನುತ್ತೇನೆ. ಆ ಅರ್ಧ ಗಂಟೆಯಲ್ಲಿ ಮಾಡಬೇಕಾದದ್ದು ಇಲ್ಲಿದೆ.

ಹಿಡಿಯುತ್ತಿಲ್ಲವೋ, ಬಿಡುತ್ತಿಲ್ಲವೋ?

ಕ್ಲಚ್ಚಿನ ಕೆಲಸ ಎರಡೇ: ಹಿಡಿಯುವುದು ಮತ್ತು ಬಿಡುವುದು. ಪೆಡಲ್ ಮೇಲಿದ್ದಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಒತ್ತಿ ಹಿಡಿದಿರುತ್ತದೆ. ತುಳಿದಾಗ ಕೇಬಲ್ ಫೋರ್ಕ್ ಎಂಬ ಸನ್ನೆತೋಳನ್ನು ಎಳೆದು, ರಿಲೀಸ್ ಬೇರಿಂಗು ಸ್ಪ್ರಿಂಗನ್ನು ಒತ್ತಿ, ಪ್ಲೇಟು ಸಡಿಲಾಗುತ್ತದೆ. ಹಿಡಿಯದಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಬಿಡದಿದ್ದರೆ ಗೇರು ಬೀಳುವುದಿಲ್ಲ. ಎರಡಕ್ಕೂ ‘ಕ್ಲಚ್ ಹೋಗಿದೆ’ ಎಂದೇ ಹೇಳುತ್ತಾರೆ, ಆದರೆ ಕಾರಣಗಳು ಬೇರೆ. ಬಿಡದ ಕ್ಲಚ್ಚಿನ ತಪ್ಪು ಎಷ್ಟೋ ಸಲ ಗೇರ್‌ಬಾಕ್ಸಿನ ಹೊರಗೇ ಇರುತ್ತದೆ.

ಮೊದಲು ಕೈಯಿಂದ ಪೆಡಲ್ ಒತ್ತಿ

ಎಂಜಿನ್ ಆರಿಸಿ, ಬಾಗಿಲು ತೆರೆದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಪೆಡಲನ್ನು ಕೈಯಿಂದ ಒತ್ತಿ. ಕಾಲಿಗೆ ತಿಳಿಯದ್ದು ಕೈಗೆ ತಿಳಿಯುತ್ತದೆ. ಮೊದಲು ಸ್ವಲ್ಪ ದೂರ ಹಗುರಾಗಿ ಇಳಿದು, ಆಮೇಲೆ ಗಟ್ಟಿಯಾಗಬೇಕು. ಆ ಹಗುರಾದ ದೂರವೇ ಫ್ರೀ ಪ್ಲೇ. ಜಿಪ್ಸಿಯಲ್ಲಿ ಇದು 20ರಿಂದ 30 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಸ್ಕೇಲನ್ನು ಪೆಡಲ್ ಪಕ್ಕ ನಿಲ್ಲಿಸಿ ಅಳೆದು ಬರೆದಿಡಿ.

ಈ ಒಂದು ಅಳತೆ ಬಹಳ ಹೇಳುತ್ತದೆ. ಪ್ಲೇಟು ಸವೆದಂತೆ ಫ್ರೀ ಪ್ಲೇ ಕಡಿಮೆಯಾಗುತ್ತದೆ; ಕೇಬಲ್ ಹಿಗ್ಗಿದಂತೆ ಹೆಚ್ಚಾಗುತ್ತದೆ. ಫ್ರೀ ಪ್ಲೇ ಪೂರ್ತಿ ಇಲ್ಲವಾದರೆ ಬೇರಿಂಗು ಸದಾ ಸ್ಪ್ರಿಂಗಿನ ಮೇಲೆ ಒರಗಿಕೊಂಡು ಓಡುತ್ತದೆ, ಪ್ಲೇಟು ಜಾರುತ್ತದೆ. ತೀರಾ ಹೆಚ್ಚಾದರೆ ಪೆಡಲ್ ನೆಲ ಮುಟ್ಟಿದರೂ ಪ್ಲೇಟು ಬಿಟ್ಟಿರುವುದಿಲ್ಲ. ಎರಡನ್ನೂ ಫೋರ್ಕಿನ ಬಳಿ ಕೇಬಲ್ ತುದಿಯಲ್ಲಿರುವ ನಟ್ ತಿರುಗಿಸಿ ಸರಿ ಮಾಡಬಹುದು. ನಟ್ ತಿರುಗಿಸಲು ಇನ್ನು ಜಾಗವೇ ಉಳಿದಿಲ್ಲ ಎಂದಾದಾಗ ಮಾತ್ರ ಒಳಗಿನ ಸವೆತದ ಮಾತು ತೆಗೆಯಿರಿ.

ಈಗ ಮನೆಯವರಲ್ಲಿ ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ತುಳಿಯಲು ಹೇಳಿ, ನೀವು ಟಾರ್ಚ್ ಹಿಡಿದು ಗಾಡಿಯಡಿ ಮಲಗಿ. ಪೆಡಲ್ ಇಳಿದಷ್ಟೂ ಹೊತ್ತು ಫೋರ್ಕಿನ ತೋಳು ನಯವಾಗಿ ಸರಿಯುತ್ತಿದೆಯೇ? ಪೆಡಲ್ ಅರ್ಧ ಇಳಿದ ಮೇಲಷ್ಟೇ ತೋಳು ಅಲುಗಿದರೆ, ಅಥವಾ ಕೇಬಲ್ ಹಿಡಿದ ಬ್ರಾಕೆಟ್ಟೇ ಬಾಗುತ್ತಿದ್ದರೆ, ರೋಗ ಅಲ್ಲೇ ಇದೆ. ಕೇಬಲ್ಲಿನ ಬದಲು ರಾಡು, ಅಡ್ಡ ಶಾಫ್ಟು ಇರುವ ಹಳೆ ಮಹೀಂದ್ರ ಜೀಪುಗಳಲ್ಲಿ ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಪ್ರತಿಯೊಂದು ಬುಷ್ಷಿನ ಸವೆತ, ಪಿನ್ನಿನ ಸವೆತ ಸೇರಿ ಕೊನೆಗೆ ಫೋರ್ಕಿಗೆ ತಲುಪುವ ಎಳೆತ ಏನೂ ಉಳಿದಿರುವುದಿಲ್ಲ. ಅಂಥ ಜೀಪಿಗೆ ಬೇಕಾದದ್ದು ನಾಲ್ಕು ಬುಷ್ಷು, ಹೊಸ ಪ್ಲೇಟಲ್ಲ.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಕೇಬಲ್ಲನ್ನು ಫೋರ್ಕಿನಿಂದ ಬಿಡಿಸಿ ತುಳಿದು ನೋಡಿ. ಆಗಲೂ ಬಿಗಿಯಾಗಿದ್ದರೆ ತಪ್ಪು ಕೇಬಲ್ಲಿನದು ಇಲ್ಲವೇ ಪೆಡಲ್ ಬುಷ್ಷಿನದು. ಹಗುರಾದರೆ ಮಾತ್ರ ಬೆಲ್ ಹೌಸಿಂಗಿನ, ಅಂದರೆ ಕ್ಲಚ್ಚನ್ನು ಮುಚ್ಚಿದ ಗಂಟೆಯಾಕಾರದ ಕವಚದ, ಒಳಗೆ ಹುಡುಕಬೇಕು.

ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯವರಿಗೆ ಇಷ್ಟು ಸಾಕು: ನಾಲ್ಕೈದು ಸಲ ಪಂಪ್ ಮಾಡಿದಾಗ ಗೇರು ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ತುಳಿದು ಹಿಡಿದ ಪೆಡಲ್ ಮೆಲ್ಲಗೆ ಕುಸಿಯುತ್ತಿದ್ದರೆ ಸಿಲಿಂಡರಿನ ಸೀಲ್ ಹೋಗಿದೆ. ಪೆಡಲ್ ಬುಡದ ಮ್ಯಾಟನ್ನು ಎತ್ತಿ ಒದ್ದೆ ಇದೆಯೇ ಮುಟ್ಟಿ ನೋಡಿ.

ಜಾರುವ ಕ್ಲಚ್

ಈ ಪರೀಕ್ಷೆಯನ್ನು ಟೂವೀಲ್ ಹೈನಲ್ಲೇ, ಅಂದರೆ ಹಿಂದಿನ ಎರಡು ಚಕ್ರಗಳಷ್ಟೇ ಎಳೆಯುವ ಮಾಮೂಲಿ ಸ್ಥಿತಿಯಲ್ಲೇ, ಮಾಡಿ. ಫೋರ್‌ವೀಲ್ ಲೋನಲ್ಲಿ ಎಂಜಿನ್ನಿನ ಎಳೆತ ಹೆಚ್ಚುವುದು ಕ್ಲಚ್ ದಾಟಿದ ಮೇಲೆ, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ. ಹಾಗಾಗಿ ಕ್ಲಚ್ಚಿಗೆ ಭಾರ ಬೀಳುವುದು ಕಡಿಮೆ, ಸವೆದ ಪ್ಲೇಟೂ ಚೆನ್ನಾಗಿಯೇ ಏರು ಹತ್ತುತ್ತದೆ. ‘ತೋಟದಲ್ಲಿ ಸರಿ ಇತ್ತು, ಘಾಟಿಯಲ್ಲಿ ಕೈ ಕೊಟ್ಟಿತು’ ಅನ್ನುವವರ ಕಥೆ ಇದೇ.

ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯ ಸಣ್ಣ ಏರಿನಲ್ಲಿ, ಗಂಟೆಗೆ 30-40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಗಾಡಿ ಒದ್ದಾಡುತ್ತಾ ವೇಗ ಹಿಡಿದರೆ ಕ್ಲಚ್ ಸರಿ ಇದೆ. ವೇಗ ಹಾಗೇ ಇದ್ದು ಎಂಜಿನ್ ಮಾತ್ರ ಹೂಂಕರಿಸಿದರೆ ಜಾರುತ್ತಿದೆ. ಒಂದೆರಡು ಸಲ ಸಾಕು. ಈ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ. ಮೂಗಿಗೆ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಜಾರುವುದು ಖಚಿತವಾದರೂ ಪ್ಲೇಟೇ ಸವೆದಿದೆ ಎಂದು ತೀರ್ಮಾನಿಸಬೇಡಿ. ಬೆಲ್ ಹೌಸಿಂಗಿನ ತಳದ ಸಂದಿಗೆ ಬೆರಳು ಸವರಿ. ಎಣ್ಣೆ ಹತ್ತಿದರೆ ಯಾವ ಎಣ್ಣೆ ಎಂದು ಮೂಸಿ ನೋಡಿ. ಮಂದವಾಗಿ, ಗಂಧಕದ ಘಾಟು ಹೊಡೆದರೆ ಗೇರ್‌ಬಾಕ್ಸ್ ಎಣ್ಣೆ. ಅದರ ಮುಂದಿನ ಸೀಲ್ ಹೋಗಿದೆ. ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ ಆಯಿಲ್. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಸೋರುತ್ತಿದೆ. ಸೀಲ್ ಬದಲಾಯಿಸದೆ ಹೊಸ ಪ್ಲೇಟು ಹಾಕಿದರೆ ಅದೂ ಎಣ್ಣೆ ಕುಡಿದು ಹಾಳಾಗುತ್ತದೆ.

ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋದಾಗ ಚಾಲಕರ ಎಡಗಾಲನ್ನು ನೋಡಿ. ಪಳಗಿದವರ ಪಾದ ಗೇರು ಬಿದ್ದ ಕೂಡಲೇ ಪೆಡಲ್ ಬಿಟ್ಟು ನೆಲಕ್ಕೆ ಬರುತ್ತದೆ. ಏರಿನಲ್ಲಿ ಹಾಫ್ ಕ್ಲಚ್ ಮಾಡಿ ಗಾಡಿ ನಿಲ್ಲಿಸಿಕೊಳ್ಳುವವರ ಪ್ಲೇಟು ಬೇಗ ಸುಡುತ್ತದೆ.

ಬಿಡದ ಕ್ಲಚ್

ಗಾಡಿ ನಿಲ್ಲಿಸಿ, ಎಂಜಿನ್ ಸಣ್ಣಗೆ ಓಡುತ್ತಿರಲಿ. ಪೆಡಲ್ ಪೂರ್ತಿ ತುಳಿದು ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ರಿವರ್ಸನ್ನೇ ಏಕೆ ಅಂದರೆ ಈ ಹಳೆ ಗೇರ್‌ಬಾಕ್ಸುಗಳಲ್ಲಿ ಅದಕ್ಕೆ ಸಿಂಕ್ರೊಮೆಶ್, ಅಂದರೆ ಹಲ್ಲು ಕೂಡುವ ಮುನ್ನ ವೇಗ ಸರಿಹೊಂದಿಸುವ ಏರ್ಪಾಟು, ಇಲ್ಲ. ಒಳಗಿನ ಶಾಫ್ಟು ಇನ್ನೂ ತಿರುಗುತ್ತಿದ್ದರೆ ಹಲ್ಲಿಗೆ ಹಲ್ಲು ಉಜ್ಜಿ ಸದ್ದು ಬಂದೇ ಬರುತ್ತದೆ. ರಿವರ್ಸ್ ಮೌನವಾಗಿ ಬಿದ್ದು, ಓಡುವಾಗ ಎರಡನೇ ಗೇರು ಮಾತ್ರ ಕರಕರ ಅಂದರೆ ಅದು ಸಿಂಕ್ರೊ ಸವೆತ, ಕ್ಲಚ್ಚನ್ನು ದೂರಬೇಡಿ.

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಅಥವಾ ಹೊಳೆ ದಾಟಿ ಬಂದು ನಿಂತ ಗಾಡಿಯಲ್ಲಿ ಇನ್ನೊಂದು ಕಾರಣವಿರುತ್ತದೆ. ತುಕ್ಕು ಹಿಡಿದು ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ. ಪೆಡಲ್ ಸರಿಯಾಗಿದೆ, ಫೋರ್ಕು ಸರಿಯುತ್ತಿದೆ, ಆದರೂ ಗೇರು ಬೀಳುವುದಿಲ್ಲ. ಎಂಜಿನ್ ಬಿಸಿ ಮಾಡಿ ಆರಿಸಿ, ಅಗಲವಾದ ಬಯಲಿನಲ್ಲಿ ಎರಡನೇ ಗೇರು ಹಾಕಿಯೇ ಸ್ಟಾರ್ಟ್ ಮಾಡಿ. ಪೆಡಲ್ ತುಳಿದು ಹಿಡಿದು ಆಕ್ಸಿಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ. ಠಣ್ ಎಂದು ಬಿಟ್ಟುಕೊಳ್ಳುತ್ತದೆ. ಮುಂದೆ ಜನ, ದನ, ಗೋಡೆ ಏನೂ ಇರಬಾರದು. ಮೂರು ಸಲಕ್ಕೂ ಬಿಡದಿದ್ದರೆ ಬಲವಂತ ಬೇಡ. ಮುಂದಿನ ಸಲ ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವಾಗ, ಪೆಡಲ್ ತುಳಿದು ಸೀಟಿಗೂ ಪೆಡಲಿಗೂ ನಡುವೆ ಕಾಫಿ ಗಿಡದ ಗಟ್ಟಿ ಕೋಲೊಂದನ್ನು ಸಿಗಿಸಿಡಿ.

ಸದ್ದು ಮತ್ತು ನಡುಕ

ನ್ಯೂಟ್ರಲ್‌ನಲ್ಲಿ ಕಿವಿಗೊಡಿ. ಪೆಡಲ್ ಮೇಲಿದ್ದಾಗ ಸದ್ದಿದ್ದು, ತುಳಿದಾಗ ನಿಂತರೆ ಗೇರ್‌ಬಾಕ್ಸಿನ ಮುಂಭಾಗದ ಬೇರಿಂಗು. ಪೆಡಲಿಗೆ ಕಾಲು ತಾಗಿಸಿದ ಕೂಡಲೇ ಸಿಳ್ಳೆಯಂಥ ಸದ್ದು ಶುರುವಾದರೆ ರಿಲೀಸ್ ಬೇರಿಂಗು. ಪೂರ್ತಿ ತುಳಿದು ಗೇರಿನಲ್ಲಿ ನಿಂತಾಗ ಮಾತ್ರ ಕೀರಲು ಬಂದರೆ ಫ್ಲೈವೀಲಿನ ನಡುವೆ ಕೂತ ಪೈಲಟ್ ಬೇರಿಂಗಿನ ಮೇಲೆ ಅನುಮಾನಪಡಿ.

ಹೊರಡುವಾಗ ಗಾಡಿ ಗದಗದ ನಡುಗಿದರೆ ಪ್ಲೇಟಿಗಿಂತ ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಲೀಫ್ ಸ್ಪ್ರಿಂಗಿನ ಯು ಬೋಲ್ಟ್ ನೋಡಿ. ಕಲ್ಲು ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಇವೇ ಮೊದಲು ಸಡಿಲಾಗುವುದು.

ಇಳಿಸಲೇಬೇಕಾದರೆ

ಇಷ್ಟೆಲ್ಲ ನೋಡಿಯೂ ತಪ್ಪು ಒಳಗೇ ಇದೆ ಎಂದಾದರೆ ಗೇರ್‌ಬಾಕ್ಸ್ ಇಳಿಸಿ, ಆಗ ಪಕ್ಕದಲ್ಲೇ ನಿಂತಿರಿ. ಹಳೆ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಳಗಿನ ಧೂಳನ್ನು ಏರ್ ಗನ್ನಿನಿಂದ ಊದಲು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ರಿವೆಟ್ ಮೇಲೆ ಲೈನಿಂಗ್ ಅರ್ಧ ಮಿಲಿಮೀಟರಿಗೆ ಇಳಿದಿದ್ದರೆ ಪ್ಲೇಟು ಬದಲಿಸಿ. ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲಿನಂಥ ಬಿರುಕು ಇದ್ದರೆ ಲೇತಿಗೆ ಕಳಿಸಿ ಅಭಿಪ್ರಾಯ ಕೇಳಿ. ಅಂಗಡಿಗೆ ಹಳೆ ಪ್ಲೇಟನ್ನು ಕೈಯಲ್ಲೇ ಹಿಡಿದು ಹೋಗಿ. 1985ರಿಂದ ಬಂದ 970 ಸಿಸಿ ಜಿಪ್ಸಿಯೇ, 1996ರ ನಂತರದ 1300 ಸಿಸಿ ಜಿಪ್ಸಿ ಕಿಂಗೇ ಎಂಬುದನ್ನು ಮೊದಲೇ ಹೇಳಿ, ಅಗಲವನ್ನೂ ನಡುವಿನ ಹಲ್ಲುಗಳನ್ನೂ ಪಕ್ಕದಲ್ಲಿಟ್ಟು ಎಣಿಸಿ ನೋಡಿ.

ಕೇಬಲ್ ಕಡಿದು ದಾರಿಯಲ್ಲಿ ನಿಂತರೆ

ಎಂಜಿನ್ ಆರಿಸಿ. ಕಚ್ಚಾ ದಾರಿಯಾದರೆ ಫೋರ್‌ವೀಲ್ ಲೋ, ಒಂದನೇ ಗೇರು ಹಾಕಿ, ಮುಂದೆ ಯಾರೂ ಇಲ್ಲ ಎಂದು ನೋಡಿಕೊಂಡು ಕೀ ತಿರುಗಿಸಿ. ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಎಳೆದು ಎಂಜಿನ್ ಹೊತ್ತಿಕೊಳ್ಳುತ್ತದೆ. ಅದೇ ಗೇರಿನಲ್ಲಿ ನಿಧಾನಕ್ಕೆ ಬನ್ನಿ, ನಿಲ್ಲಬೇಕಾದಾಗ ಬ್ರೇಕ್ ಒತ್ತಿ ಕೀ ಆರಿಸಿ. ಟಾರು ರಸ್ತೆ ಸಿಕ್ಕಿದಲ್ಲಿ ನಿಲ್ಲಿಸಿ ಟೂವೀಲಿಗೆ ಬನ್ನಿ. ನನ್ನ ಜಿಪ್ಸಿಯ ಹಿಂದಿನ ಸೀಟಿನಡಿ ಈಗ ಗ್ರೀಸ್ ಸವರಿದ ಹೊಸ ಕೇಬಲ್ಲೊಂದು ಪ್ಲಾಸ್ಟಿಕ್ ಚೀಲದಲ್ಲಿ ಸುರುಳಿ ಸುತ್ತಿಕೊಂಡು ಕೂತಿದೆ. ಅದನ್ನು ಹಾಕಲು ಬೇಕಾದ ಎರಡು ಸ್ಪ್ಯಾನರುಗಳನ್ನೂ ಅದೇ ಚೀಲದಲ್ಲಿ ಇಟ್ಟಿದ್ದೇನೆ.